ಎರಡು ಓಣಿಗೆ ಒಂದೇ ಬಸ್ಸು

ಖಾಲಿ ಕೊಡಗಳು ಒಂದಕ್ಕೊಂದು ತಾಗುವ ಸದ್ದು ಇನ್ನೂ ಕಿವಿಯಲ್ಲಿದೆ. ನವಿ ಮುಂಬಯಿಯ ತುರ್ಭೆಯ ಆ ಗಲ್ಲಿ ಕಣ್ಣಿಗೆ ಬೀಳುವ ಮೊದಲೇ ಅದು ಕೇಳಿಸಿತ್ತು, ನಮ್ಮ ಕಾನ್ವೆಂಟಿನ ಹಳೆಯ ಬೆಲ್ಲಿನ ಹಾಗೆ.

ಮೇ ತಿಂಗಳು. ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್. ಅಲ್ಲಿ ಮಂಡಿ ಹಿಡಿದುಕೊಂಡು ಬ್ರಿಡ್ಜ್ ಹತ್ತಿ ವಾಶಿ ಗಾಡಿ ಹಿಡಿದೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತೆ. ಕಿಟಕಿಯಿಂದ ಬರುತ್ತಿದ್ದದ್ದು ಒಲೆಯ ಗಾಳಿ. ಚೀಲದಲ್ಲಿ ಯಲ್ಲವ್ವನಿಗೆಂದು ಒಂದು ಹತ್ತಿ ಸೀರೆ, ಒಂದು ಡಬ್ಬಿ ಗೋಳಿಬಜೆ.

ಯಲ್ಲವ್ವ ವಿಜಯಪುರದ ಕಡೆಯವಳು. ಬಹಳ ವರ್ಷ ನಮ್ಮ ಮನೆಗೆಲಸ ಮಾಡಿದವಳು. ಮಳೆ ಹಿಂದುಮುಂದಾಗಿ ಕೆರೆ ಬತ್ತುತ್ತ ಬಂದಂತೆ ಅವಳ ಊರಿನ ಮೇಲಿನ ಓಣಿ, ಕೆಳಗಿನ ಓಣಿ ಎರಡು ಪಾರ್ಟಿಯಾದವು. ತೂಬು ಎತ್ತುವ ಜಗಳದಲ್ಲಿ ತಲೆಗಳು ಒಡೆದವು, ಪಂಚಾಯ್ತಿ ಸಭೆಯೇ ನಿಂತಿತು. ಎರಡೂ ಓಣಿಯವರು ಕೂಲಿಗೆಂದು ಬಂದು ಸೇರಿದ್ದು ತುರ್ಭೆಯ ಒಂದೇ ಗಲ್ಲಿಗೆ, ಒಂದೇ ನಳಕ್ಕೆ. ಎಲೆಕ್ಷನ್ನಿಗೆ ಮಾತ್ರ ಎರಡು ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದರು. ಈ ಸಲ ಒಂದೇ ಬಸ್ಸು, ಪಂಚಾಯ್ತಿಗೆ ಎರಡೂ ಓಣಿಯ ವೋಟು ಯಲ್ಲವ್ವನಿಗೆ, ಎಂದು ಮಾತಾಗಿತ್ತು. ಮೇಲಿನ ಓಣಿಯ ಮಗಳು, ಕೆಳಗಿನ ಓಣಿಯ ಸೊಸೆ. ನಳದ ಸಾಲು ಕಟ್ಟುವವಳೂ ಅವಳೇ. ಬಸ್ಸು ಅವತ್ತೇ ಸಂಜೆಗೆ.

ಗಲ್ಲಿಯ ಉದ್ದಕ್ಕೂ ಕೊಡಗಳ ಸಾಲು, ಜನ ನೆರಳಿನಲ್ಲಿ. ದಾರಿಗೆ ಅಡ್ಡವಿದ್ದ ಕೆಂಪು ಕೊಡವೊಂದನ್ನು ಎತ್ತಿ ಪಕ್ಕಕ್ಕಿಟ್ಟೆ. ವೆರಿ ಸೆನ್ಸಿಬಲ್ ಅಂದುಕೊಂಡೆ.

"ಯಾಂವಲೇ ನನ್ನ ಕೊಡಾ ಸರಿಸಿದಾಂವ? ಕೆಳಗಿನ ಓಣ್ಯಾವ್ರು ಇಲ್ಲೂ ಸುರು ಮಾಡಿದ್ರಾ?" ಮೇಲಿನ ಓಣಿಯ ಮುದುಕ ಸಿದ್ದಪ್ಪ ಎದ್ದು ಬಂದ.

"ನಿನ್ನ ಕೊಡಾ ಮುಟ್ಟಾಕ ನಮಗ ಬ್ಯಾರೆ ಕೆಲಸ ಇಲ್ಲೇನ ಕಾಕಾ? ಎರಡು ಬಸ್ ಮಾಡೂಣಂತ ನಾ ಅವತ್ತ ಹೇಳಿದ್ದೆ," ಎಂದಳು ಕೆಳಗಿನ ಓಣಿಯ ಒಬ್ಬಳು.

"ಸಾರಿ, ನಾನೇ ಸರಿಸಿದ್ದು," ಎಂದೆ. ಯಾರಿಗೂ ಕೇಳಿಸಲಿಲ್ಲ. ಒಬ್ಬ ಗಲ್ಲಿಯ ಬಾಯಲ್ಲಿ ಆಗಲೇ ನಿಂತಿದ್ದ ಬಸ್ಸಿನಿಂದ ತನ್ನ ಗಂಟನ್ನು ಇಳಿಸಲು ಹೊರಟೇಬಿಟ್ಟ.

ಸೆರಗು ಸಿಕ್ಕಿಸಿಕೊಂಡು ಯಲ್ಲವ್ವ ಬಂದಳು. "ಅಮ್ಮಾರ, ಪಾತ್ರೆ ಜಾಗಾದಾಗ ಇಡಲಿಲ್ಲಂತ ದಿನಾ ನನಗ ಬೈತಿದ್ರಿ. ಈಗ ನೀವ?" ಎಂದು ನಕ್ಕಳು. ಆಮೇಲೆ ಎಲ್ಲರಿಗಿಂತ ಮುಂದಿದ್ದ ತನ್ನ ಕೊಡವನ್ನು ಎತ್ತಿ ಆ ಜಾಗದಲ್ಲಿ ಕೆಂಪು ಕೊಡ ಇಟ್ಟಳು. ತನ್ನದನ್ನು ಸಾಲಿನ ತುದಿಗೆ ಒಯ್ದಳು. "ನೀ ಮುಂದ ಕಾಕಾ, ನಾ ಕಡೀಕ. ಆತಿಲ್ಲೊ?"

"ನೀರು ನಿಂತ್ರ?" ಎಂದ ಸಿದ್ದಪ್ಪ.

"ಅಮ್ಮಾರ ಬಜಿ ತಿಂದು ಸುಮ್ಮನ ಕುಂಡ್ರತೀನಿ."

ನೀರು ನಿಂತೇಹೋಯಿತು, ಅವಳ ಕೊಡದ ಸರದಿ ಬರುವ ಮೊದಲು. ಅವಳು ನಿಜಕ್ಕೂ ಕೂತು ಬಜೆ ತಿಂದಳು, ನನಗೂ ತಿನ್ನಿಸಿದಳು.

ಸಂಜೆ ಯಾರೂ ಮೊದಲು ಬಸ್ಸು ಹತ್ತಲೊಲ್ಲರು. ಸಿದ್ದಪ್ಪ ಕೆಂಪು ಕೊಡ ತಂದು ಅರ್ಧ ನೀರನ್ನು ಯಲ್ಲವ್ವನ ಕೊಡಕ್ಕೆ ಸುರಿದ. "ಹತ್ತರಿ ಇನ್ನ, ಡ್ರೈವರ್ ಬಡ್ಕೊಳ್ಳಾಕತ್ತಾನ," ಎಂದು ತಾನೇ ಮೊದಲು ಹತ್ತಿದ. ಅವನ ಹಿಂದೆ ಎರಡೂ ಓಣಿ.

ಈಗ ನನ್ನ ಮಂಡಿ ಅಷ್ಟು ದೂರ ಹೋಗಲು ಬಿಡುವುದಿಲ್ಲ. ಗೆದ್ದು ಊರಲ್ಲೇ ಉಳಿದ ಅವಳಿಗೆ ಬರಲು ಪುರುಸೊತ್ತಿಲ್ಲ. "ಸಭೆಗೆ ಎಲ್ಲಾರೂ ಬರ್ತಾರ್ರಿ. ಜಗಳಾನೂ ಆಡ್ತಾರ, ಆದ್ರ ಕುಂತು ಆಡ್ತಾರ," ಎಂದು ಫೋನಿನಲ್ಲಿ ನಗುತ್ತಾಳೆ.

ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಬಸ್ಸಿನ ಕಿಟಕಿಯಲ್ಲಿ. ನಾನು ಕೊಟ್ಟ ಸೀರೆ ಹೆಗಲ ಮೇಲಿತ್ತು. ತೊಡೆಯ ಮೇಲಿನ ಅರ್ಧ ಕೊಡ ತುಳುಕದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು; ಅದಕ್ಕೇ ನನಗೆ ಕೈ ಬೀಸಲಿಲ್ಲ.