ಶಶಿರೇಖಾ ಅಳೆದ ಕಿರಣ

ಮಳವಳ್ಳಿಯಿಂದ ಬೆಳಗ್ಗೆ ಏಳೂಕಾಲಿಗೆ ಹೊರಡುವ ಮಂಡ್ಯದ ಬಸ್ಸಿನಲ್ಲಿ ಎರಡು ವರ್ಷ ಓಡಾಡಿ ಶಶಿರೇಖಾ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದಳು. ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದ ದಿನವೇ ಅಪ್ಪ ಮರಿಸಿದ್ದಯ್ಯ ಕೇಳಿದರು.

"ಪಿಸಿಕ್ಸು ಓದ್ದೋರು ಮುಂದ್ಕೆ ಏನಾಯ್ತರೆ ಮಗಾ? ಮೇಷ್ಟ್ರು ಕೆಲ್ಸ ಬುಟ್ರೆ ಬ್ಯಾರೆ ಏನೂ ಇಲ್ವಾ?"

"ಅದೆ ಕಣಪ್ಪ. ಆಸ್ಪತ್ರೇಲೂ ಕೆಲ್ಸ ಅದೆ."

"ಆಸ್ಪತ್ರೇಲಾ? ನೀನು ಡಾಕ್ಟ್ರು ಓದ್ನಿಲ್ವಲ್ಲ!"

ಅವಳ ತರಗತಿಯ ಹದಿನೆಂಟು ಮಂದಿ ಒಂದೊಂದು ಕಡೆ ಹೋದರು. ನಯನ ಮದ್ದೂರಿನ ಪಿಯು ಕಾಲೇಜಿನಲ್ಲಿ ಪಾಠಕ್ಕೆ ನಿಂತಳು, ಜಯಪ್ರಕಾಶ್ ಪರೀಕ್ಷೆ ಪಾಸು ಮಾಡಿ ಹವಾಮಾನ ಇಲಾಖೆ ಸೇರಿದ, ಇನ್ನಿಬ್ಬರು ಬ್ಯಾಂಕಿಗೆ ಹೋದರು. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣವನ್ನು ಅಳೆಯಲು ಫಿಸಿಕ್ಸ್ ಓದಿದವರೇ ಬೇಕು ಎಂದು ಮೇಡಂ ಒಬ್ಬರು ಪಾಠದ ಮಧ್ಯೆ ಹೇಳಿದ್ದು ಶಶಿರೇಖಾಳ ತಲೆಯಲ್ಲಿ ಕೂತುಬಿಟ್ಟಿತ್ತು. ಅದಕ್ಕೆಂದೇ ಇನ್ನೊಂದು ವರ್ಷ ಓದಿದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ವರ್ಷ ತರಬೇತಿ ಪಡೆದಳು. ಅಷ್ಟರಲ್ಲಿ ಮಂಡ್ಯದ ಒಂದು ಆಸ್ಪತ್ರೆ ವಿಕಿರಣ ಚಿಕಿತ್ಸೆಯ ಮೆಷಿನ್ ತರಿಸುತ್ತಿದೆ ಎಂಬ ಸುದ್ದಿ ಬಂತು. ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು.

ಏಪ್ರಿಲ್‌ನಲ್ಲಿ ಮೆಷಿನ್ ಜೋಡಣೆ ಮುಗಿಯಿತು. ರೋಗಿಯನ್ನು ಮಲಗಿಸುವ ಮೊದಲು ಕಿರಣ ಎಷ್ಟು ಬರುತ್ತಿದೆ ಎಂದು ಅಳೆಯಬೇಕು. ಮನುಷ್ಯನ ಮೈ ಬಹುಪಾಲು ನೀರೇ ಆದ್ದರಿಂದ, ಆ ಅಳತೆಯನ್ನು ನೀರಿನ ತೊಟ್ಟಿಯಲ್ಲಿ ಮಾಡುತ್ತಾರೆ. ಕಿರಣ ಅಳೆಯುವ, ಕಡಲೆಕಾಯಿ ಗಾತ್ರದ ಒಂದು ಟೊಳ್ಳು ಗೂಡನ್ನು ನೀರಲ್ಲಿ ಇಳಿಬಿಟ್ಟರೆ, ಅದರೊಳಗಿನ ಗಾಳಿಗೆ ತಾಗಿದ ಕಿರಣದ ಲೆಕ್ಕ ಹೊರಗಿನ ಕೋಣೆಯ ಪರದೆಯ ಮೇಲೆ ಬರುತ್ತದೆ.

ಮೊದಲ ಸಲ ಕಿರಣ ಬಿಟ್ಟಾಗ ಶಶಿರೇಖಾ ಹೊರಗಿನ ಕೋಣೆಯಲ್ಲಿ ಪರದೆಯ ಮುಂದೆ ಕೂತಿದ್ದಳು. ಅಂಕಿ ಬಂತು. ಇರಬೇಕಾದ್ದಕ್ಕಿಂತ ನೂರಕ್ಕೆ ಮೂರರಷ್ಟು ಕಡಿಮೆ! ಇನ್ನೆರಡು ಸಲ ಬಿಟ್ಟರೂ ಅಷ್ಟೇ.

"ಮೆಷಿನ್ನಿನ ಕಿರಣ ಸ್ವಲ್ಪ ಏರಿಸಿಬಿಡೋಣ, ಸರಿಹೋಗುತ್ತೆ" ಎಂದರು ಕಂಪನಿಯಿಂದ ಬಂದಿದ್ದ ಎಂಜಿನಿಯರ್.

ಹಿರಿಯ ಫಿಸಿಸಿಸ್ಟ್ ಶಿವರಾಜು ಗಲ್ಲ ಕೆರೆಯುತ್ತಾ ನಿಂತರು. "ಏನಮ್ಮ, ಏರಿಸೋಣ್ವಾ?"

"ಒಂದ್ನಿಮಿಷ ಸಾರ್" ಎಂದು ಶಶಿರೇಖಾ ಒಳಗೆ ಓಡಿ ತೊಟ್ಟಿಗೆ ಕೈ ಇಟ್ಟಳು. ನೀರು ಬೆಚ್ಚಗಿತ್ತು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಕಾದ ಮೇಲಿನ ಟ್ಯಾಂಕಿನಿಂದ ಆಗಷ್ಟೇ ತುಂಬಿಸಿದ ನೀರು ಅದು.

"ಸಾರ್, ಲೆಕ್ಕಕ್ಕೆ ಯಾವ ಉಷ್ಣಾಂಶ ಹಾಕಿದ್ದೀವಿ?" ಎಂದು ಹೊರಗೆ ಬಂದು ಕೇಳಿದಳು.

"ಇಪ್ಪತ್ತೆರಡು. ಇಲ್ಲೇ ಗೋಡೆ ಮೇಲೆ ಥರ್ಮಾಮೀಟರ್ ಐತಲ್ಲ."

"ಅದು ಏಸಿ ಕೋಣೇದು ಸಾರ್! ಗೂಡಿರೋದು ನೀರಲ್ಲಿ."

ಅವ್ವ ಪುಟ್ಟಮಾದಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುಮನೆಯ ಥರ್ಮಾಮೀಟರನ್ನು ಬಾಗಿಲ ಹತ್ತಿರ ನೇತು ಹಾಕಿದ್ದಕ್ಕೆ ಚಿಕ್ಕಂದಿನಲ್ಲಿ ಶಶಿರೇಖಾ ಬೈಸಿಕೊಂಡಿದ್ದಳು: "ಹುಳ ಇರೋ ಕಡೆ ನೋಡಮ್ಮಿ, ನೀನು ನಿಂತಿರೋ ಕಡೆ ಅಲ್ಲ!"

ಈಗ ಮತ್ತೆ ಒಳಗೆ ಹೋಗಿ ಥರ್ಮಾಮೀಟರನ್ನು ತೊಟ್ಟಿಯ ನೀರಿಗೆ ಇಳಿಸಿದಳು. ಮೂವತ್ತೊಂದು. ಬಿಸಿಗೆ ಗೂಡಿನ ಗಾಳಿ ತೆಳುವಾಗಿತ್ತು, ಲೆಕ್ಕ ಕಡಿಮೆ ಬಂದಿತ್ತು, ಅಷ್ಟೇ. ಹೊಸ ಉಷ್ಣಾಂಶ ಹಾಕಿ ಗುಣಿಸಿದಾಗ ಅಂಕಿ ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಬಂದು ಕೂತಿತು. ಮೆಷಿನ್‌ನಲ್ಲಿ ಏನೂ ತಪ್ಪಿರಲಿಲ್ಲ. ಏರಿಸಿದ್ದರೆ ಮುಂದೆ ಬರುವ ಪ್ರತಿಯೊಬ್ಬ ರೋಗಿಗೂ ಹೆಚ್ಚು ಕಿರಣ ಬೀಳುತ್ತಿತ್ತು.

"ಭೇಷ್ ಕಣಮ್ಮ!" ಶಿವರಾಜು ಮೇಜು ಗುದ್ದಿದರು. ಎಂಜಿನಿಯರ್ ಕಿವಿ ಕೆಂಪಗೆ ಮಾಡಿಕೊಂಡು ಕೈಕುಲುಕಿದರು. ಶಶಿರೇಖಾ ಕಾರಿಡಾರಿಗೆ ಬಂದು ಅಪ್ಪನಿಗೆ ಫೋನು ಮಾಡಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರಿಗೆ ಅರ್ಧ ಅರ್ಥವಾಗಲಿಲ್ಲ, ಆದರೂ ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದ ಅವರು ಅಲ್ಲಿದ್ದವರಿಗೆಲ್ಲ ಟೀ ಕೊಡಿಸಿದರಂತೆ.

ಬೇಕಾದ ಪರವಾನಗಿಗಳು ಬಂದು ಮೊದಲ ರೋಗಿ ಒಳಗೆ ಬಂದಾಗ ಮಳೆಗಾಲ ಹಿಡಿದಿತ್ತು. ಬಸರಾಳಿನ ಮಂಗಳಮ್ಮ, ಗಂಟಲಲ್ಲಿ ಗೆಡ್ಡೆ. ಮೂವತ್ತೈದು ದಿನದ ಚಿಕಿತ್ಸೆ. ಬೆಂಗಳೂರಾದರೆ ಅಲ್ಲೇ ಮನೆ ಮಾಡಬೇಕಿತ್ತು, ಈಗ ದಿನಾ ಬಸ್ಸಿನಲ್ಲಿ ಬಂದು ಹೋಗಬಹುದು.

"ನೋಯ್ತದಾ ಡಾಕ್ಟ್ರಮ್ಮ?"

"ಮಲಗಿರೋವಾಗ ಏನೂ ಗೊತ್ತಾಗಕಿಲ್ಲ ಕಣಮ್ಮ. ನಾನು ಡಾಕ್ಟ್ರಲ್ಲ, ಫಿಸಿಕ್ಸ್ ಓದಿರೋಳು. ನಿಮ್ಗೆ ಎಷ್ಟು ಕಿರಣ ಬೇಕೋ ಅಷ್ಟೇ ಬರೋ ಹಂಗೆ ನೋಡ್ಕತೀನಿ."

"ಹಂಗಾರೆ ಸರಿಯಾಗಿ ಅಳ್ದು ಬುಡವ್ವ" ಎಂದು ಮಂಗಳಮ್ಮ ಸೆರಗು ಸರಿಮಾಡಿಕೊಂಡು ಮಲಗಿದರು. ಭಾರದ ಬಾಗಿಲು ಮುಚ್ಚಿಕೊಂಡಿತು, ಹಸಿರು ದೀಪ ಕೆಂಪಾಯಿತು. ಶಶಿರೇಖಾ ಪರದೆಯ ಮೇಲೆ ಏರುತ್ತಿದ್ದ ಅಂಕಿಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.