ಬಂದೂಕಿಗೆ ಹಚ್ಚಿದ ಗಂಧ

ಅಮೆರಿಕದ ಸ್ಯಾನ್ ರಮೋನ್‌ನಲ್ಲಿರುವ ನನ್ನ ಮಗಳ ಮನೆಯ ಬಾಗಿಲಿಗೆ ದಿನಕ್ಕೆ ಎರಡು ಮೂರು ಡಬ್ಬಿಗಳಾದರೂ ಬಂದು ಬೀಳುತ್ತವೆ. ಅಕ್ಕಿ, ಚಪ್ಪಲಿ, ಹಲ್ಲುಜ್ಜುವ ಪೇಸ್ಟು ಎಲ್ಲವೂ ಹಾಗೇ ಬರುವುದು. ಕಳೆದ ಚಳಿಗಾಲದಲ್ಲಿ ಒಂದು ಉದ್ದನೆಯ ಡಬ್ಬಿ ಬಂತು. ಪರದೆ ಹಾಕುವ ಸಲಾಕೆ ಇರಬೇಕೆಂದು ನಾನೇ ಎಳೆದುಕೊಂಡು ಒಳಗೆ ತಂದೆ. ಮೊಮ್ಮಗಳು ಅದನ್ನು ಊಟದ ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಬಂದೂಕಿನ ನಳಿಗೆ! ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೇ ಬಿತ್ತು.

"ಯವ್ವಾ! ಇದೇನ ಇದು? ಯಾರನ್ನ ಹೊಡಿಯಾಕ?"

"ಯಾರನ್ನೂ ಇಲ್ಲ ಅಜ್ಜಿ. ಜಸ್ಟ್ ಪೇಪರ್ ಟಾರ್ಗೆಟ್. ಇದು ಕಿಟ್. ನಾನೇ ಮಾಡ್ಬೇಕು."

ಬಿಡಿ ಸಾಮಾನು ತರಿಸಿ ಜೋಡಿಸುವ ಬಂದೂಕಂತೆ. ಅದೂ ಹಳೇ ಕಾಲದ್ದು. ಬಾಯಿಂದ ಮದ್ದು ಸುರಿದು, ಸೀಸದ ಗುಂಡು ತುರುಕಿ, ಕಲ್ಲಿನ ಕಿಡಿಯಿಂದ ಹಾರಿಸುವುದು. ಹಾವು ಹೊಡೆಯುವ ಬಡಿಗೆಯ ಹೊರತು ನಮ್ಮ ಮನೆತನದಲ್ಲಿ ಯಾರೂ ಆಯುಧ ಮುಟ್ಟಿದವರಲ್ಲ. ಹುಡುಗಿಯ ಅಪ್ಪ, ನನ್ನ ಅಳಿಯಂದಿರು, ಎರಡು ದಿನ ಕೂತು ಇಲ್ಲಿನ ಕಾನೂನು ಓದಿದರು, ಯಾರಿಗೋ ಫೋನು ಮಾಡಿ ಕೇಳಿದರು, ಆಮೇಲೆ ಹೂಂ ಅಂದರು. ಅವರು ಹೂಂ ಅಂದದ್ದು ನನಗೆ ಬಂದೂಕಿಗಿಂತ ದೊಡ್ಡ ಆಘಾತ. ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಮಗಳನ್ನು ಕೇಳಿದೆ, "ನಿನಗರ ಬುದ್ಧಿ ಐತಿಲ್ಲೋ?" ಅವಳು ಚಪ್ಪಲಿ ಬಿಡುತ್ತಾ, "ಅವ್ವಾ, ಅಕಿ ರೂಮಿನಿಂದ ಹೊರಗ ಬಂದಾಳಲ್ಲ, ಅಷ್ಟ ಸಾಕು" ಅಂದಳು.

ಅದು ನಿಜವೇ. ಮೊಮ್ಮಗಳಿಗೆ ಇಪ್ಪತ್ತೊಂದು. ಕಾಲೇಜನ್ನು ಮೂರನೇ ವರ್ಷದ ನಡುವೆ ಬಿಟ್ಟು ಬಂದಿದ್ದಳು. ಯಾಕೆಂದು ಯಾರೂ ಗದರಿಸಿ ಕೇಳಲಿಲ್ಲ, ಅವಳಾಗಿ ಹೇಳಲೂ ಇಲ್ಲ. ಅದಕ್ಕೂ ಮೊದಲು ಪಿಟೀಲು ಬಿಟ್ಟಿದ್ದಳು, ಈಜು ಬಿಟ್ಟಿದ್ದಳು. ಒಂದು ದಿನ ನನ್ನ ಪಕ್ಕ ನಿಂತು ಪಾತ್ರೆ ಒರೆಸುತ್ತಾ, "ಅಜ್ಜಿ, ಐ ಡೋಂಟ್ ಫಿನಿಶ್ ಥಿಂಗ್ಸ್" ಅಂದಳು. ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಅಷ್ಟು ಇಂಗ್ಲಿಷು ನನ್ನ ಹೊಟ್ಟೆಗೆ ನೇರವಾಗಿ ಇಳಿಯಿತು.

ಅಳಿಯಂದಿರು ಕೆಟ್ಟವರಲ್ಲ. ಆದರೆ ಬಾಯಿ ತಡೆಯುವುದಿಲ್ಲ. "ಇದೂ ಗ್ಯಾರೇಜಿನ್ಯಾಗ ಮಲಗತೈತಿ, ನೋಡಕೋಂತ ಇರ್ರಿ ಅತ್ತಿ" ಅಂದರು. ಮೆಟ್ಟಿಲ ಮೇಲೆ ನಿಂತಿದ್ದ ಹುಡುಗಿ ಕೇಳಿಸಿಕೊಂಡಳು. ಸೀದಾ ಗ್ಯಾರೇಜಿಗೆ ಹೋದಳು. ಅವತ್ತಿನಿಂದ ನಾನು ಬಂದೂಕಿನ ಪಕ್ಷ.

ನಾಲ್ಕು ತಿಂಗಳು ಹಿಡಿಯಿತು. ಕಟ್ಟಿಗೆಯನ್ನು ಅರ್ಧ ಮಾತ್ರ ಕೆತ್ತಿ ಕಳಿಸಿದ್ದರು. ನಳಿಗೆ ಅದರ ತೋಡಿನಲ್ಲಿ ಕೂದಲೆಳೆ ಸಂದಿಲ್ಲದೆ ಕೂರಬೇಕು. ನಳಿಗೆಗೆ ಕಪ್ಪು ಬಳಿದು ಒತ್ತುವುದು, ಕಟ್ಟಿಗೆಯಲ್ಲಿ ಕಪ್ಪು ತಾಗಿದಲ್ಲಿ ಮಾತ್ರ ಕೆರೆಯುವುದು, ಮತ್ತೆ ಬಳಿಯುವುದು. ತಂದ ಕಪ್ಪು ಮುಗಿದ ದಿನ ನಾನು ಹಿತ್ತಲಲ್ಲಿ ಔಡಲೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮಕ್ಕಳ ಕಣ್ಣಿಗೆ ಹಚ್ಚುವ ಹಾಗೆ ಕಾಡಿಗೆ ಮಾಡಿಕೊಟ್ಟೆ. ಅವಳು ಅದನ್ನು ಬೆರಳಿಗೆ ಹತ್ತಿಸಿಕೊಂಡು ನೋಡಿದಳು. "ಅಜ್ಜಿ, ದಿಸ್ ಈಸ್ ಬೆಟರ್!" ಅಂದಳು. ನನಗೆ ಯಾರೋ ಶಾಲು ಹೊದಿಸಿದ ಹಾಗಾಯಿತು.

ಆಮೇಲೊಂದು ದಿನ ಹೋಗಿ ನೋಡುತ್ತೇನೆ, ಹೊಳೆಯುತ್ತಿದ್ದ ನಳಿಗೆ ಪೂರಾ ತುಕ್ಕು! ಹುಣಸೆಹಣ್ಣು ತರಲು ಓಡುತ್ತಿದ್ದೆ, ಅವಳು ಸೆರಗು ಹಿಡಿದು ನಿಲ್ಲಿಸಿದಳು. ಬೇಕೆಂದೇ ತುಕ್ಕು ಹಿಡಿಸುವುದಂತೆ. ಔಷಧಿ ಹಚ್ಚಿ ತುಕ್ಕು ಬರಿಸಿ, ತಿಕ್ಕಿ, ಮತ್ತೆ ಬರಿಸಿ, ಕೊನೆಗೆ ಬೆಲ್ಲದ ಬಣ್ಣ ಬರುತ್ತದಂತೆ. ಜೀವಮಾನವೆಲ್ಲ ತುಕ್ಕು ತಿಕ್ಕಿದವಳು ನಾನು, ಇದನ್ನು ಕೇಳಿ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಣ್ಣವೇನೋ ಹೇಳಿದ ಹಾಗೇ ಬಂತು. ಕಟ್ಟಿಗೆಗೆ ಅಗಸೆ ಎಣ್ಣೆ ಕುಡಿಸಿ ಕುಡಿಸಿ ಅಂಗೈಯಿಂದ ತಿಕ್ಕಿದಳು. ಕೊನೆಯ ಸ್ಕ್ರೂ ಬಿಗಿಸಿದಾಗ ಅಪ್ಪನನ್ನು ಕರೆಯಲಿಲ್ಲ, ನನ್ನನ್ನು ಕರೆದಳು.

"ಮುಗೀತಲ್ಲವ್ವಾ!" ಎಂದೆ.

"ಇಲ್ಲ ಅಜ್ಜಿ. ಹಾರಿದ್ರೆ ಮುಗೀತು."

ಭಾನುವಾರ ಹಾರಿಸಲು ಹೋಗುವುದೆಂದಾಯಿತು. ಹೊಸ ಕಾರಿಗೆ ಪೂಜೆ ಮಾಡಿದ್ದೇವೆ, ಹೊಸ ಫ್ರಿಜ್ಜಿಗೂ ಮಾಡಿದ್ದೇವೆ, ಇದಕ್ಕೆ ಬೇಡವೆ? ಅವಳು ಸ್ನಾನಕ್ಕೆ ಹೋದಾಗ ಗಂಧ ತೇಯ್ದು ಹಿಡಿಕೆಗೆ, ನಳಿಗೆಗೆ, ಕಲ್ಲು ಕಚ್ಚಿಕೊಂಡ ಕೊಕ್ಕೆಗೆ, ಪಕ್ಕದಲ್ಲಿ ಕಂಡ ಸಾಸಿವೆಯಷ್ಟು ಸಣ್ಣ ತಗ್ಗಿಗೆ, ಎಲ್ಲದಕ್ಕೂ ಒತ್ತಿ ಹಚ್ಚಿ, ಮೇಲೆ ಕುಂಕುಮ ಇಟ್ಟೆ. ಅಳಿಯಂದಿರು ತಾವೇ ಹಿತ್ತಲಿನ ನಿಂಬೆಹಣ್ಣು ಕಿತ್ತು ಕೊಟ್ಟರು. ಹುಡುಗಿ ಬಂದು ನೋಡಿ ನಕ್ಕಳು. ಹೊರಡುವ ಮುಂಚೆ ಬಂದೂಕನ್ನೆಲ್ಲ ಬಟ್ಟೆಯಿಂದ ಒರೆಸಿಕೊಂಡಳು.

ಗುಡ್ಡದ ಬುಡದಲ್ಲಿ ಗುಂಡು ಹಾರಿಸುವ ಮೈದಾನ. ಸಾಲಾಗಿ ಮೇಜು, ದೂರದಲ್ಲಿ ಕಾಗದದ ಗುರಿಗಳು. ಉಸ್ತುವಾರಿಗೆ ಬಿಳಿ ಗಡ್ಡದ ಒಬ್ಬ ಮುದುಕರಿದ್ದರು. ನನ್ನ ಕಿವಿಗೆ ದಪ್ಪನೆಯ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿ ಹಿಂದಿನ ಗೆರೆಯ ಆಚೆ ನಿಲ್ಲಿಸಿದರು. ಹುಡುಗಿ ಅಳೆದು ಮದ್ದು ಸುರಿದಳು, ಎಣ್ಣೆ ಬಟ್ಟೆಯಲ್ಲಿ ಗುಂಡು ಸುತ್ತಿ ಗಜವೆಂಬ ಉದ್ದನೆಯ ಕೋಲಿನಿಂದ ಕೆಳಗಿಳಿಸಿದಳು, ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿದಳು, ಗುರಿ ನೋಡಿ ಬೆರಳನ್ನು ಬಂದೂಕಿನ ಕುದುರೆಯ ಮೇಲಿಟ್ಟಳು. ಕುದುರೆ ಎಳೆದಳು.

ಫುಸ್!

ಬಟ್ಟಲಲ್ಲಿ ಬೆಂಕಿ ಎದ್ದಿತು, ಹೊಗೆ ಬಂತು. ಗುಂಡು ಹೋಗಲಿಲ್ಲ. ಮುದುಕರು ಕೈ ಎತ್ತಿ, ಅಲುಗಬೇಡ, ಗುರಿಯ ಕಡೆಗೇ ಹಿಡಿದಿರು ಅಂದರು. ತಡವಾಗಿ ಹಾರಿಬಿಡುವುದೂ ಉಂಟಂತೆ. ಆ ಒಂದು ನಿಮಿಷದಲ್ಲಿ ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಎರಡನೇ ಸಲವೂ ಫುಸ್. ಮೂರನೇ ಸಲವೂ.

ಹುಡುಗಿ ಬಂದೂಕನ್ನು ಮರಳಿನ ಚೀಲದ ಮೇಲೆ ಗುರಿಯ ಕಡೆಗೇ ಬಿಟ್ಟು ಹಿಂದಕ್ಕೆ ಕೂತಳು. "ಓಕೆ. ಐ ಮೆಸ್ಡ್ ಇಟ್ ಅಪ್. ಮನೆಗೆ ಹೋಗೋಣ." ಕಾಲೇಜು ಬಿಟ್ಟು ಬಂದು ಪೆಟ್ಟಿಗೆ ಇಳಿಸಿದ ದಿನ ಇದೇ ಮುಖ ನೋಡಿದ್ದೆ. ಅಳಿಯಂದಿರು ಬಾಯಿ ತೆರೆದರು. ನಾನು ಅವರನ್ನು ನೋಡಿದೆ. ಅವರು ಮುಚ್ಚಿಕೊಂಡರು.

ಅಷ್ಟರಲ್ಲಿ ಗಡ್ಡದ ಮುದುಕರು ಬಗ್ಗಿ, ಕನ್ನಡಕ ಮೇಲೇರಿಸಿ, ಬಟ್ಟಲಿನ ಪಕ್ಕದ ತೂತನ್ನು ನೋಡಿ ಏನೋ ಕೇಳಿದರು. ಅಳಿಯಂದಿರು ನನ್ನ ಕಡೆ ತಿರುಗಿದರು.

"ಅತ್ತಿ... ತೂತಿನ್ಯಾಗ ಏನೋ ಹಳದಿ ಐತಂತ. ಬೆಂಕಿ ಒಳಗ ಹೋಗೂದ ಅಲ್ಲಿಂದಂತ."

ನಾಲ್ಕು ತಿಂಗಳು ಕೂಸು ಕೆರೆದದ್ದು, ತಿಕ್ಕಿದ್ದು, ನಾನು ಒಂದು ಬೆರಳಲ್ಲಿ ಮುಚ್ಚಿಬಿಟ್ಟಿದ್ದೆ! ಸುಮ್ಮನಿದ್ದರೆ ಯಾವುದೋ ಕೊಳೆ ಅಂದುಕೊಳ್ಳುತ್ತಿದ್ದರೋ ಏನೋ. ಅಳಿಯನ ಮುಂದೆ ದಡ್ಡಿ ಅನ್ನಿಸಿಕೊಳ್ಳುವುದು ಯಾವ ಅತ್ತೆಗೆ ಬೇಕು? ಆದರೆ ಹುಡುಗಿ ಆಗಲೇ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು.

"ಗಂಧ ಅದು!" ಕಿವಿಮುಚ್ಚಳ ತೆಗೆಯುವುದನ್ನೂ ಮರೆತು ಕೂಗಿದೆ. "ನಾ ಹಚ್ಚೇನಿ! ನಿಂದೇನೂ ತಪ್ಪಿಲ್ಲವ್ವಾ, ನಂದು, ಪೂರಾ ನಂದು!"

ಆಚೆ ಮೇಜಿನವರೂ ತಿರುಗಿ ನೋಡಿದರು. ಅಳಿಯಂದಿರು ಮುದುಕರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಅವರು ಒಮ್ಮೆ ನನ್ನನ್ನು, ಒಮ್ಮೆ ಬಂದೂಕನ್ನು ನೋಡಿ, ಗಡ್ಡ ಕೆರೆದುಕೊಂಡು, ಐವತ್ತು ವರ್ಷದಲ್ಲಿ ಇದೊಂದನ್ನು ನೋಡಿರಲಿಲ್ಲ ಅಂದರಂತೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಅಜ್ಜಿ! ಯೂ ಬ್ಲೆಸ್ಡ್ ದಿ ಟಚ್‌ಹೋಲ್?"

"ಬೈಯವ್ವಾ, ಬೈ."

ಬೈಯಲಿಲ್ಲ. ಹೊಟ್ಟೆ ಹಿಡಿದು ನಕ್ಕಳು. ಚೀಲದಿಂದ ಒಂದು ಸಣ್ಣ ತಂತಿ ತೆಗೆದು ಮತ್ತೆ ಮೇಜಿಗೆ ಕೂತಳು. ಅಳಿಯಂದಿರು, "ಕೊಡಿಲ್ಲೆ, ನಾ ಮಾಡ್ತೀನಿ" ಎಂದು ಕೈ ಚಾಚಿದರು.

"ನೋ ಅಪ್ಪಾ. ಅಲ್ಲಿ ನಿಲ್ರಿ."

ಒಣಗಿದ ಗಂಧವನ್ನು ಪುಡಿಪುಡಿಯಾಗಿ ಹೊರಗೆ ತೆಗೆದಳು. ತೂತಿನೊಳಗೆ ನಾಲ್ಕು ಕಾಳು ಮದ್ದು ಉದುರಿಸಿದಳು, ಬಟ್ಟಲಿಗೆ ಚಿಟಿಕೆ ಹಾಕಿದಳು. ಕುದುರೆ ಎಳೆದಳು. ನಾನು ಕಣ್ಣು ಮುಚ್ಚಿಕೊಂಡೆ.

ಢಂ!

ಶಬ್ದ ಕಿವಿಗೆ ಬರಲಿಲ್ಲ, ಎದೆಗೇ ಬಡಿಯಿತು. ಕಣ್ಣು ಬಿಟ್ಟರೆ ಹುಡುಗಿಯೇ ಇಲ್ಲ, ಬರೀ ಹೊಗೆ! ಕೊಳೆತ ಮೊಟ್ಟೆಯ ವಾಸನೆ. ಹೊಗೆ ಸರಿದಾಗ ಅವಳು ಭುಜ ತಿಕ್ಕಿಕೊಳ್ಳುತ್ತಾ ಬಾಯಿ ತೆರೆದು ಕೂತಿದ್ದಳು, ನನ್ನ ಹಾಗೆಯೇ. ಕಾಗದದ ಮೂಲೆಯಲ್ಲಿ ಒಂದು ತೂತು ಬಿದ್ದಿತ್ತು. ನಡುವಿಗೂ ಅದಕ್ಕೂ ಒಂದು ಗೇಣು ಅಂತರ. ನನಗೇನು, ಆಕಾಶಕ್ಕೇ ತೂತು ಬಿದ್ದಿತ್ತು! ಅಳಿಯಂದಿರು ಹೋಗಿ ಆ ಕಾಗದವನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು.

ಅವತ್ತು ಇನ್ನೂ ಒಂಬತ್ತು ಸಲ ಹಾರಿಸಿದಳು. ಮನೆಗೆ ಬಂದಾಗ ಸಂಜೆ ಐದು. ಎಲ್ಲರಿಗೂ ಸುಸ್ತು. ಈ ಮದ್ದಿನ ಬಂದೂಕನ್ನು ಅದೇ ದಿನ ತೊಳೆಯದಿದ್ದರೆ ಒಳಗೆ ತುಕ್ಕು ತಿನ್ನುತ್ತದಂತೆ.

"ನಾಳೆ ಮಾಡಿದ್ರಾತು ಬಿಡ, ಪುಟ್ಟಿ" ಅಂದರು ಅಳಿಯಂದಿರು.

"ಇವತ್ತೇ" ಅಂದಳು.

ಹಿತ್ತಲಲ್ಲಿ ಬಿಸಿನೀರು ಸುರಿದಳು. ನಳಿಗೆಯಿಂದ ಮಸಿಯಂಥ ನೀರು ಹರಿಯಿತು. ನಾನು ನನ್ನ ಹಳೇ ಬಿಳಿ ಲಂಗ ಹರಿದು ತುಂಡು ಮಾಡಿ ಕೊಡುತ್ತಾ ಹೋದೆ. ಅವಳು ಗಜಕ್ಕೆ ಸುತ್ತಿ ಒಳಗೆ ಹಾಕಿ ತೆಗೆಯುತ್ತಾ ಹೋದಳು. ಮೊದಲಿನವು ಕಪ್ಪು, ಆಮೇಲೆ ಬೂದಿ ಬಣ್ಣ. ಹದಿನಾಲ್ಕನೆಯದೋ ಹದಿನೈದನೆಯದೋ ತುಂಡು ನನ್ನ ಕಣ್ಣಿಗೆ ಬಿಳಿಯಾಗೇ ಬಂತು.

"ಸ್ವಚ್ಛ ಆತಲ್ಲವ್ವಾ, ಬಾ, ಉಣ್ಣೂಣು."

ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಕೂದಲಿನಷ್ಟು ಬೂದಿ ತೋರಿಸಿದಳು.

"ಇನ್ನೂ ಒಂದು ಕೊಡಿ ಅಜ್ಜಿ."

ನಾನು ಲಂಗದ ಸೊಂಟದ ಪಟ್ಟಿಗೆ ಕೈ ಹಾಕಿ, ಅದನ್ನೂ ಹರಿದುಕೊಟ್ಟೆ.