ಹಗಲಿನ ಬೀಗ

ನಗರಸಭೆಯ ಹಿರಿಯ ನಾಗರಿಕರ ಸಲಹಾ ಸಮಿತಿಗೆ ಹೆಸರು ಸೇರಿದೆ ಎಂಬ ಪತ್ರ ಬಂದ ದಿನ ಅಕ್ಕಯಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ಅಕ್ಕಿ ಡಬ್ಬದ ಕೆಳಗಿಟ್ಟಳು. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಸೊಸೆ ಲಾವಣ್ಯ ಅಡುಗೆಮನೆ ಗುಡಿಸುವಾಗ ಅದು ಸಿಕ್ಕಿತು.

"ಅತ್ತೆ, ನಿಮ್ಮನ್ನ ಕಮಿಟಿಗೆ ಹಾಕವ್ರೆ! ಯಾಕ್ ಮುಚ್ಚಿಟ್ರಿ?"

"ಬೇಡ ಕಣಮ್ಮ. ಅಲ್ಲೆಲ್ಲ ಎದ್ದು ನಿಂತು ಮಾತಾಡ್ಬೇಕು. ನಂಗೆ ಗಂಟ್ಲು ಕಟ್ಕೊಂಬುಡ್ತದೆ."

ಲಾವಣ್ಯ ನಕ್ಕಳು. ಚಿಕ್ಕಬಳ್ಳಾಪುರದಲ್ಲಿ ಯಾರು ಕೇಳಿದರೂ ನಗುತ್ತಿದ್ದರು. ಕಳವಾರದಿಂದ ಮುದ್ದೇನಹಳ್ಳಿಯವರೆಗೆ ಮೂವತ್ತೆರಡು ವರ್ಷ ಕಾಲ್ನಡಿಗೆಯಲ್ಲಿ ಸುತ್ತಿ ಲಸಿಕೆ ಹಾಕಿದ, ಹೆರಿಗೆ ಮಾಡಿಸಿದ ನರ್ಸಮ್ಮ ಅವಳು. ಅವಳ ಸೂಜಿಗೆ ಅತ್ತ ಮಕ್ಕಳು ಈಗ ಮೀಸೆ ತಿರುವಿಕೊಂಡು ಓಡಾಡುತ್ತಾರೆ. ಅವಳಿಗೆ ರಕ್ತದ ಭಯವಿಲ್ಲ, ಹಾವಿನ ಭಯವಿಲ್ಲ. ಭಯವಿದ್ದದ್ದು ಬಾಗಿಲುಗಳದ್ದು. ಕೆಲಸದಲ್ಲಿದ್ದಾಗ ದಿನಕ್ಕೆ ನಲವತ್ತು ಬಾಗಿಲು ತಟ್ಟಿದವಳು ನಲವತ್ತು ಸಲವೂ ಹೆದರಿದ್ದಳು. ಅರವತ್ತೇಳರ ಈ ವಯಸ್ಸಿನವರೆಗೂ ಅದನ್ನು ಯಾರಿಗೂ ಹೇಳಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬೆಟ್ಟದ ಬುಡದ ಒಂದೂರಿನಲ್ಲಿ ಹೆರಿಗೆ ನೋವೆಂದು ಕರೆ ಬಂದಿತ್ತು. ಓಡಿ ಹೋದರೆ, ಅವಳು ಯಾವ ಕೇರಿಯವಳೆಂದು ತಿಳಿದಿದ್ದ ಮನೆಯ ಹಿರಿಯ ಬಾಗಿಲಲ್ಲೇ ತಡೆದ. "ಜಗುಲಿ ಮೇಲೆ ಕೂತಿರು, ಬೇಕಾದ್ರೆ ಕರೀತೀವಿ." ಕೂತಿದ್ದಳು. ಒಳಗಿನ ಹೆಣ್ಣಿನ ಕೂಗು ಮುಚ್ಚಿದ ಬಾಗಿಲ ಸಂದಿಯಿಂದ ಬರುತ್ತಲೇ ಇತ್ತು. ಏಳಬೇಕು, ತಳ್ಳಿಕೊಂಡು ಹೋಗಬೇಕು ಎಂದು ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಮಾತ್ರ ಏಳಲಿಲ್ಲ. ಕೂಗು ನಿಂತ ಮೇಲೆ ಬಾಗಿಲು ತೆರೆಯಿತು. ಆಗ ಮಾಡಲು ಏನೂ ಉಳಿದಿರಲಿಲ್ಲ.

ಸಮಿತಿಗೆ ಅವಳು ಹೋದಳು, ಲಾವಣ್ಯ ಬಿಡಲಿಲ್ಲವಾದ್ದರಿಂದ. ಒಂಬತ್ತು ಜನ ಸದಸ್ಯರು, ನಿವೃತ್ತ ಹೆಡ್‌ಮಾಸ್ಟರ್ ವೆಂಕಟರಾಮಪ್ಪ ಅಧ್ಯಕ್ಷರು. ತಿಂಗಳಿಗೊಂದು ಸಭೆ. ವಯಸ್ಸಾದವರಿಗೆ ಏನು ಬೇಕೆಂದು ಅವರನ್ನೇ ಕೇಳಬೇಕೆಂದು ಮೇಷ್ಟ್ರು ಮೂರು ಕಡೆ ಪೆಟ್ಟಿಗೆ ಇಡಿಸಿದ್ದರು. ಮೊದಲ ಸಲ ತೆರೆದಾಗ ನಲವತ್ತಕ್ಕೂ ಹೆಚ್ಚು ಚೀಟಿಗಳಿದ್ದವು. ಪಾರ್ಕಿನಲ್ಲಿ ಒರಗಿ ಕೂರುವ ಬೆಂಚು ಬೇಕು. ಬಸ್ಸಿನ ಮೆಟ್ಟಿಲು ಎತ್ತರ. ಬೆರಳು ಸವೆದಿದೆ, ರೇಷನ್ ಮೆಷಿನ್ನು ಹಿಡಿಯೋದಿಲ್ಲ. ಮೇಷ್ಟ್ರು ಒಂದೊಂದನ್ನೇ ಗಟ್ಟಿಯಾಗಿ ಓದಿ ಬರೆಸುತ್ತಿದ್ದರು. ಕೊನೆಗೆ ಒಂದು ಚೀಟಿಯನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ದನಿ ಇಳಿಸಿ ಓದಿದರು.

"ಹೊರಗೆ ಬೀಗ. ಒಳಗೆ ಮುದುಕಿ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ. ಹುಣಸೆಮರದ ಹಿಂದಿನ ಓಣಿ, ನೀಲಿ ಬಾಗಿಲು. ನನ್ನ ಹೆಸರು ಹಾಕಲು ಧೈರ್ಯ ಇಲ್ಲ."

ಯಾರೋ ಕೆಮ್ಮಿದರು. "ಅದು ಚಿರಂಜೀವಿ ಮನೆ. ತರಕಾರಿ ಟೆಂಪೊ ಓಡಿಸ್ತಾನಲ್ಲ, ಅವನು. ಮಾತಿಗಿಂತ ಕೈ ಮುಂದು ಅವನ್ದು," ಎಂದರು ಇನ್ನೊಬ್ಬರು.

"ಸಹಿ ಇಲ್ಲ, ಹೆಸರಿಲ್ಲ," ಎಂದರು ಮೇಷ್ಟ್ರು. "ಮನೆ ಒಳಗಿನ ವಿಚಾರಕ್ಕೆ ಕೈ ಹಾಕಿದ್ರೆ ನಾಳೆ ನಮ್ಮ ಮೇಲೇ ದೂರು ಬರ್ತದೆ. ಸದ್ಯಕ್ಕೆ ಪಕ್ಕಕ್ಕಿಡಣ."

ಎಲ್ಲರೂ ಟೀ ಕುಡಿಯಲು ಎದ್ದಾಗ ಅಕ್ಕಯಮ್ಮ ಪಕ್ಕಕ್ಕಿಟ್ಟ ಆ ಚೀಟಿಯನ್ನು ಎತ್ತಿ ತನ್ನ ಪರ್ಸಿಗೆ ಹಾಕಿಕೊಂಡಳು.

ಮಾರನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಆ ಓಣಿಗೆ ಹೋದಳು. ನೀಲಿ ಬಾಗಿಲು, ಹೊರಚಿಲಕಕ್ಕೆ ಅಂಗೈ ಅಗಲದ ಬೀಗ. ಎದುರು ಮನೆಯ ಕಿಟಕಿ ಪರದೆ ಅಲುಗಿತು. ಅಷ್ಟಕ್ಕೇ ಅಕ್ಕಯಮ್ಮ, ದಾರಿ ತಪ್ಪಿ ಬಂದವಳಂತೆ ನಡೆದುಕೊಂಡು ಓಣಿಯ ಆಚೆ ತುದಿಯಲ್ಲಿ ಹೊರಬಿದ್ದಳು. ಮನೆಗೆ ಬಂದಾಗ ಬೆನ್ನಿನ ರವಿಕೆ ಒದ್ದೆಯಾಗಿತ್ತು.

ಅದರ ಮಾರನೆಯ ದಿನ ಕಿಟಕಿಯ ತನಕ ಹೋದಳು. ಸರಳಿನ ಹಿಂದೆ ಕತ್ತಲೆ. "ಅಮ್ಮಾ," ಎಂದು ಪಿಸುಗುಟ್ಟಿದಳು.

"ಎವರು?" ಒಳಗಿನಿಂದ ತೆಲುಗಿನಲ್ಲಿ ದನಿ ಬಂತು. ಯಾರು ಎಂದು ಕೇಳುವುದಕ್ಕಿಂತ ಹೆಚ್ಚಾಗಿ, ಯಾರೂ ಆಗಿರದಿರಲಿ ಎಂದು ಬೇಡಿಕೊಳ್ಳುವಂತಿತ್ತು.

"ನಾನು ನರ್ಸಮ್ಮ. ನಿನ್ನೆಸ್ರೇನಮ್ಮ?"

ಎರಡು ಕೈಗಳು ಬಂದು ಸರಳು ಹಿಡಿದವು. ಬೆರಳ ತುದಿಗಳು ಬಿಳಿಚಿಕೊಂಡು ನುಣ್ಣಗಾಗಿದ್ದವು. ಅಕ್ಕಯಮ್ಮನಿಗೆ ಆ ಕೈ ಗೊತ್ತು. ಶಿಡ್ಲಘಟ್ಟದಲ್ಲಿ ಕುದಿನೀರಿಗೆ ಕೈಯದ್ದಿ ರೇಷ್ಮೆ ನೂಲು ತೆಗೆದವರ ಕೈ.

"ಮುನಿಶಾಮಮ್ಮ. ಪೋಮ್ಮಾ, ಹೋಗ್ಬುಡು. ನನ್ ಕೊಡುಕು, ನನ್ ಮಗ, ನೋಡಿದ್ರೆ ಬೈತಾನೆ."

"ಊಟ ಇಟ್ಟವ್ರಾ?"

"ಐತೆ. ಮುದ್ದೆ ಐತೆ, ಸಾರೈತೆ. ಎಲ್ಲಾ ಐತೆ. ನನ್ ಮಗ ಒಳ್ಳೇನು." ಮುಖ ಸರಳಿಗೆ ತಂದಳು. "ಟೈಮೆಷ್ಟಮ್ಮ ಈಗ?"

"ಹತ್ತೂವರೆ."

"ಇನ್ನಾ ಹತ್ತೂವರೇನಾ?" ಎಂದಳು ಮುನಿಶಾಮಮ್ಮ. ಆ ಮುಖ ಕುಸಿದದ್ದನ್ನು ನೋಡಲಾರದೆ ಅಕ್ಕಯಮ್ಮ ಹೊರಟುಬಂದಳು.

ಶನಿವಾರ ತರಕಾರಿ ಮಾರುಕಟ್ಟೆಯಲ್ಲಿ ಬೀನ್ಸ್ ಆರಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ದಪ್ಪ ಕುತ್ತಿಗೆ, ಹೆಗಲ ಮೇಲೆ ಟವೆಲ್ಲು.

"ನರ್ಸಮ್ಮ," ಎಂದ ಚಿರಂಜೀವಿ, ಬಹಳ ಮೆಲ್ಲಗೆ. "ನಮ್ಮನೆ ಕಿಟ್ಕೀಲಿ ಏನ್ ನೋಡ್ತಿದ್ರಿ?"

"ಏನಿಲ್ಲಪ್ಪ... ಸುಮ್ನೆ..."

"ಸುಮ್ನೆ ನೋಡ್ಬಾರ್ದು. ವಯಸ್ಸಾಗದೆ. ಓಣೀಲಿ ಕಲ್ಲು ಎಡವಿ ಬಿದ್ರೆ ಯಾರು ಎತ್ತೋರು?" ಅವನು ಅವಳ ಚೀಲಕ್ಕೆ ಎರಡು ಹಿಡಿ ಬೀನ್ಸ್ ಹಾಕಿ, ಅಂಗಡಿಯವನಿಗೆ ಕಣ್ಸನ್ನೆ ಮಾಡಿ ಹೋದ.

ಬೈದಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಆ ಬೀನ್ಸನ್ನು ಮನೆಗೆ ತರಲಾರದೆ ದಾರಿಯಲ್ಲಿ ಹಸುವೊಂದರ ಮುಂದೆ ಸುರಿದಳು. ಭಾನುವಾರ ಹೋಗಲಿಲ್ಲ, ಸೋಮವಾರ ಮಂಡಿನೋವು ಎಂದುಕೊಂಡಳು, ಮಂಗಳವಾರ ಬಿಸಿಲು ಎಂದುಕೊಂಡಳು. ಬುಧವಾರ ಯಾವ ನೆವವೂ ಹೊಳೆಯಲಿಲ್ಲ, ಆದರೂ ಹೋಗಲಿಲ್ಲ. ಅನ್ನಕ್ಕೆ ಕೈಯಿಟ್ಟಾಗಲೆಲ್ಲ "ಇನ್ನಾ ಹತ್ತೂವರೇನಾ" ಎಂಬ ಮಾತು ಕೇಳುತ್ತಿತ್ತು. ಗುರುವಾರ ಹನ್ನೊಂದರ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡಳು.

ಓಣಿಯ ತಿರುವಿನಲ್ಲೇ ಬಟ್ಟೆ ಸುಟ್ಟ ವಾಸನೆ ಬಡಿಯಿತು. ನೀಲಿ ಬಾಗಿಲ ಮೇಲಿನ ಸಂದಿಯಿಂದ ಹೊಗೆ ದಾರದಂತೆ ಹೊರಬರುತ್ತಿತ್ತು. ಅವಳು ಕಿಟಕಿಗೆ ಓಡಿದಳು. ಒಳಗೆಲ್ಲ ಬೂದುಬಣ್ಣ, ಏನೂ ಕಾಣದು.

"ಮುನಿಶಾಮಮ್ಮ! ಮುನಿಶಾಮಮ್ಮ!"

ಉತ್ತರವಿಲ್ಲ. ಒಂದು ಸಲ ಕೆಮ್ಮು ಕೇಳಿತು. ಆಮೇಲೆ ಅದೂ ನಿಂತಿತು.

ಅಕ್ಕಯಮ್ಮ ಓಣಿಯ ನಡುವೆ ನಿಂತು ಕೂಗಿದಳು. "ಬನ್ರಪ್ಪಾ! ಒಳಗೆ ಹೆಂಗಸವ್ಳೆ, ಬೆಂಕಿ!" ಎರಡು ಬಾಗಿಲು ತೆರೆದವು. ಒಂದರಲ್ಲಿ ಗಂಡಸೊಬ್ಬ ಹೊಗೆಯನ್ನೂ ಬೀಗವನ್ನೂ ನೋಡಿ, "ಅವನಿಗೆ ಫೋನ್ ಮಾಡ್ತೀನಿ ಇರಿ," ಎಂದು ಒಳಗೆ ಸರಿದ. ಬೀಗ ಮುಟ್ಟಲು ಯಾರೂ ಬರಲಿಲ್ಲ. ಗೋಡೆಯ ಬುಡದಲ್ಲಿ ಸೈಜುಗಲ್ಲೊಂದು ಬಿದ್ದಿತ್ತು. ಅಕ್ಕಯಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಬೀಗಕ್ಕೆ ಹೊಡೆದಳು. ಕಲ್ಲು ಜಾರಿ ಮಣಿಕಟ್ಟಿಗೆ ಬಡಿಯಿತು. ಮತ್ತೆ ಹೊಡೆದಳು. ಬೀಗ ಕುಣಿಯಿತೇ ಹೊರತು ಬಿಡಲಿಲ್ಲ. ಮೂರನೆಯ ಸಲ ಕಲ್ಲೆತ್ತಲು ಕೈಯಲ್ಲಿ ಬಲವಿರಲಿಲ್ಲ.

"ಬೀಗಕ್ಕಲ್ಲಮ್ಮ, ಚಿಲಕ ಕೀಳ್ಬೇಕು!"

ಎದುರು ಮನೆಯಿಂದ ಐವತ್ತರ ಹೆಂಗಸೊಬ್ಬಳು ಹಾರೆ ಹಿಡಿದು ಓಡಿಬಂದಳು. ಅವಳ ತುಟಿ ಬಿಳುಚಿತ್ತು. ಚಿಲಕದ ಸಂದಿಗೆ ಹಾರೆ ತೂರಿಸಿದಳು, ಇಬ್ಬರೂ ಜೋತುಬಿದ್ದರು. ಮರ ಸೀಳಿ ಚಿಲಕ ಕಿತ್ತುಬಂತು.

ಹೊಗೆ ಮುಖಕ್ಕೆ ನುಗ್ಗಿತು. ಅಕ್ಕಯಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಬಗ್ಗಿ ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆ ಕರಕಲಾಗಿತ್ತು, ಪಕ್ಕದ ಮಸಿಬಟ್ಟೆಯಿಂದ ಹಿಡಿದು ಗೂಟದ ಸೀರೆಯವರೆಗೆ ಉರಿ ಏರಿತ್ತು. ತಡಕಿ ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿದಳು. ಹಾರೆಯ ಹೆಂಗಸು ಬಿಂದಿಗೆ ನೀರನ್ನು ಸೀರೆಯ ಮೇಲೆ ಎರಚಿದಳು. ಮುನಿಶಾಮಮ್ಮ ಎಲ್ಲೂ ಇಲ್ಲ. ಮಂಚದ ಕೆಳಗಿಲ್ಲ, ಬಾಗಿಲ ಹಿಂದಿಲ್ಲ. ಕೊನೆಗೆ ಬಚ್ಚಲಿನ ಮೂಲೆಯಲ್ಲಿ, ಮೈಮೇಲೆ ಒಂದು ಚೊಂಬು ನೀರು ಸುರಿದುಕೊಂಡು, ಒದ್ದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಮುದುರಿ ಕೂತಿದ್ದಳು. ಕಣ್ಣು ತೆರೆದಿದ್ದವು.

"ಟೀ ಕಾಸ್ಕೋಣ ಅಂತ," ಎಂದಳು, ತಪ್ಪು ಮಾಡಿದ ಮಗುವಿನಂತೆ. "ಮಗನಿಗೆ ಹೇಳ್ಬೇಡಮ್ಮ."

ಹೊರಗೆ ತಂದು ಕಟ್ಟೆಯ ಮೇಲೆ ಕೂರಿಸಿ ಅಕ್ಕಯಮ್ಮ ನಾಡಿ ಹಿಡಿದಳು. ಅರ್ಧ ಗಂಟೆಯಲ್ಲಿ ಟೆಂಪೊ ಓಣಿಯ ತುದಿಗೆ ಬಂದು ನಿಂತಿತು. ಸೇರಿದ್ದ ಜನ ಹಿಂದೆ ಸರಿದರು. ಚಿರಂಜೀವಿ ಮೊದಲು ತಾಯಿಯನ್ನು ನೋಡಿದ, ಆಮೇಲೆ ಸೀಳಿದ ಬಾಗಿಲನ್ನು.

"ಯಾರು ಮುರಿದಿದ್ದು?"

ಹಾರೆ ತಂದವಳು ನೆಲ ನೋಡಿದಳು. 

"ನಾನು," ಎಂದಳು ಅಕ್ಕಯಮ್ಮ.

ಅವನು ಹತ್ತಿರ ಬಂದ. ಬೆವರು, ಡೀಸೆಲ್ಲಿನ ವಾಸನೆ. ಹೊಡೆಯುತ್ತಾನೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಲ್ಲೂ ಮುನಿಶಾಮಮ್ಮನ ಮಣಿಕಟ್ಟು ಬಿಡಲಿಲ್ಲ. ನಾಡಿ ಹಕ್ಕಿಯ ಎದೆಯಂತೆ ಹೊಡೆಯುತ್ತಿತ್ತು.

"ಅಮ್ಮ ಹೋದ ವರ್ಷ ಹೈವೇಲಿ ಸಿಕ್ಕಿದ್ಲು," ಎಂದ ಅವನು. "ಲಾರಿಗಳ ಮಧ್ಯೆ, ಡಿವೈಡರ್ ಮೇಲೆ ಕೂತಿದ್ಲು. ಮನೆ ಎಲ್ಲಿ ಅಂದ್ರೆ ಶಿಡ್ಲಘಟ್ಟ ಅಂತಾಳೆ. ನಾನು ಬೆಳಿಗ್ಗೆ ನಾಲ್ಕಕ್ಕೆ ಟೆಂಪೊ ಎತ್ಬೇಕು, ನನ್ ಹೆಂಡ್ತಿ ಗೌರಿಬಿದನೂರು ಗಾರ್ಮೆಂಟ್ಸ್‌ಗೆ ಹೋಗ್ತಾಳೆ. ಬಿಟ್ಟೋಗ್ಲಾ? ಹೇಳಿ, ನಿಮ್ಮ ಕಮಿಟಿಯೋರು ನೋಡ್ಕೊತಾರಾ?"

ಅವನು ಕ್ಷಮೆ ಕೇಳಲಿಲ್ಲ, ಉಪಕಾರವಾಯಿತು ಎನ್ನಲೂ ಇಲ್ಲ. ಸಂಜೆಗೆ ಬಡಗಿ ಬಂದು ಹೊಸ ಚಿಲಕ ಹಾಕಿದ. ಮಾರನೆಯ ಬೆಳಿಗ್ಗೆ ಬಾಗಿಲ ಮೇಲೆ ಮತ್ತೆ ಬೀಗವಿತ್ತು.

ಆ ತಿಂಗಳ ಸಭೆಯಲ್ಲಿ ಬೆಂಚುಗಳ ಮಾತು ಮುಗಿದ ಮೇಲೆ ಅಕ್ಕಯಮ್ಮ ಎದ್ದು ನಿಂತಳು. ಮಣಿಕಟ್ಟಿಗೆ ಇನ್ನೂ ಪಟ್ಟಿಯಿತ್ತು.

"ಮೇಷ್ಟ್ರೇ, ನಂಗೆ ಮಾತು ಬರಲ್ಲ. ಒಂದೇ ಒಂದು ಕೇಳ್ತೀನಿ. ನಾವು ಒಂಬತ್ತು ಜನ ಇದೀವಿ. ಒಬ್ಬೊಬ್ರೂ ನಮ್ಮ ನಮ್ಮ ಬಡಾವಣೇಲಿ ಹಗಲು ಹನ್ನೊಂದು ಗಂಟೆಗೆ ನಡ್ಕೊಂಡು ಹೋಗಣ. ಹೊರಗೆ ಬೀಗ ಹಾಕಿ ಒಳಗೆ ಮನುಷ್ಯರು ಇರೋ ಮನೆ ಎಷ್ಟು ಅಂತ ನೋಡ್ಕೊಂಡು ಬರಣ."

"ಪೊಲೀಸಿಗೆ ಹೇಳೋದು ಉತ್ತಮ ಅಲ್ವೇನಮ್ಮ?"

"ಮಗನ್ನ ಜೈಲಿಗೆ ಹಾಕ್ತಾರೆ ಅಂದ್ರೆ ಆಯಮ್ಮ ಉಪವಾಸ ಸಾಯ್ತಾಳೆ ಮೇಷ್ಟ್ರೇ. ಅವನಿಗೂ ಭಯ, ಅವಳಿಗೂ ಭಯ. ಬೀಗ ತೆಗ್ಸೋಕೆ ಮುಂಚೆ, ಹಗಲೊತ್ತು ಅವಳು ಎಲ್ಲಿರ್ಬೇಕು ಅಂತ ನಾವು ಹೇಳ್ಬೇಕಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಯಾರ್ಯಾರು ಯಾವ ಬಡಾವಣೆಗೆಂದು ಬರೆದುಕೊಂಡರು. ಮುಂದಿನ ವಾರ ಎಲ್ಲರೂ ನಡೆದರು, ಮೇಷ್ಟ್ರೂ ನಡೆದರು. ಲೆಕ್ಕ ಹಾಕಿದಾಗ ಹನ್ನೊಂದು ಮನೆ. ಅದರಲ್ಲೊಂದು ಮೇಷ್ಟ್ರ ಬೀದಿಯಲ್ಲೇ, ಅವರ ಮನೆಯಿಂದ ನಾಲ್ಕನೆಯದು. ಅದನ್ನು ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಪಟ್ಟಿಯನ್ನು ನಗರಸಭೆಗೆ ಕೊಟ್ಟ ಮೇಲೆ, ಹುಣಸೆಮರದ ಹತ್ತಿರದ ಸಮುದಾಯ ಭವನದ ಹಿಂದಿನ ಕೋಣೆಯನ್ನು ವಾರಕ್ಕೆ ಮೂರು ದಿನ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ತೆರೆಯಲು ಒಪ್ಪಿಗೆ ಸಿಕ್ಕಿತು. ನೋಡಿಕೊಳ್ಳಲು ಇಬ್ಬರು ಹೆಂಗಸರು. ಒಬ್ಬಳು ಹಾರೆ ತಂದ ರಾಮಲಕ್ಷ್ಮಮ್ಮ. ಚೀಟಿ ಬರೆದವಳೂ ತಾನೇ ಎಂದು ಅವಳು ಅಕ್ಕಯಮ್ಮನಿಗೆ ಒಬ್ಬಳಿಗೇ ಹೇಳಿದಳು.

ಮೊದಲ ವಾರ ನಾಲ್ಕು ಜನ ಬಂದರು. ಮುನಿಶಾಮಮ್ಮ ಬರಲಿಲ್ಲ. ಎರಡನೆಯ ವಾರವೂ ಇಲ್ಲ. ಚಿರಂಜೀವಿಯನ್ನು ಕೇಳಲು ಅಕ್ಕಯಮ್ಮನಿಗೆ ಧೈರ್ಯ ಬರಲಿಲ್ಲ. ಮೂರನೆಯ ವಾರದ ಸೋಮವಾರ ಅವನ ಹೆಂಡತಿ ಹರಿಣಿ, ಫ್ಯಾಕ್ಟರಿ ಬಸ್ಸಿಗೆ ಹೊತ್ತಾಗುತ್ತದೆಂದು ಅರ್ಧ ಓಡುತ್ತ, ಅತ್ತೆಯ ಕೈ ಹಿಡಿದು ಕರೆತಂದಳು.

"ನಿನ್ ಗಂಡನಿಗೆ ಹೇಳಿದೀಯೇನಮ್ಮ?" ಅಕ್ಕಯಮ್ಮ ಕೇಳಿದಳು.

"ಹೇಳಿದೀನಿ. ಏನೂ ಅನ್ಲಿಲ್ಲ. ಅವರತ್ರ ಇದ್ದ ಬೀಗದ ಕೈನೂ ಮೇಜಿನ ಮೇಲೆ ಬಿಟ್ಟೋದ್ರು." ಹರಿಣಿ ಕಣ್ಣೊರೆಸಿಕೊಂಡಳು. "ದಿನಾ ಬೆಳಿಗ್ಗೆ ರೆಗ್ಯುಲೇಟರ್ ತೆಗ್ದಿಟ್ಟು ಹೋಗ್ತಿದ್ದೆ ನರ್ಸಮ್ಮ. ಅವತ್ತೊಂದಿನ ಮರ್ತೆ. ಮಿಷನ್ ಮುಂದೆ ಕೂತ್ರೆ ಹೊಗೇನೇ ಕಾಣ್ತದೆ."

ಮುನಿಶಾಮಮ್ಮ ಹೊಸ್ತಿಲಲ್ಲೇ ನಿಂತಳು. ಒಳಗೆ ಬರಲೊಲ್ಲಳು. ಬಾಗಿಲಿನ ಹೊರಮೈಯನ್ನು ಆ ನುಣುಪು ಬೆರಳುಗಳಿಂದ ಮೇಲಿಂದ ಕೆಳಗೆ ಸವರಿದಳು. ಅಲ್ಲಿ ಚಿಲಕ ಬಿಚ್ಚಿದ ನಾಲ್ಕು ಮೊಳೆಯ ತೂತುಗಳಷ್ಟೇ ಇದ್ದವು. ಅಕ್ಕಯಮ್ಮನೇ ಹೇಳಿ ಬಿಚ್ಚಿಸಿದ್ದಳು. ಒಂದೊಂದು ತೂತನ್ನೂ ಮುಟ್ಟಿ ನೋಡಿದ ಮೇಲೆ ಮುನಿಶಾಮಮ್ಮ ಒಳಗೆ ಕಾಲಿಟ್ಟಳು. ಆದರೂ ಬಾಗಿಲ ಪಕ್ಕದಲ್ಲೇ ಕೂತಳು. ಊಟವನ್ನೂ ಅಲ್ಲೇ ಮಾಡಿದಳು. ಯಾರಾದರೂ ಬಾಗಿಲ ಕಡೆ ನಡೆದರೆ ಅವಳ ಕಣ್ಣು ಅವರ ಕೈಯನ್ನೇ ಹಿಂಬಾಲಿಸುತ್ತಿತ್ತು.

ಹನ್ನೊಂದರಲ್ಲಿ ಇನ್ನೂ ಯಾರೂ ಬಾರದ ಆರು ಮನೆಗಳ ಪಟ್ಟಿ ಅಕ್ಕಯಮ್ಮನ ಬಳಿಯಿತ್ತು. ಮಧ್ಯಾಹ್ನ ಅವಳು ಎದ್ದು ಚಪ್ಪಲಿ ಹುಡುಕಿದಳು.

"ಎಲ್ಲಿಗಮ್ಮ?" ಎಂದಳು ಮುನಿಶಾಮಮ್ಮ.

"ಇಲ್ಲೇ, ಒಂದ್ ಮನೆ ಹತ್ರ."

"ಭಯ ಆಗಲ್ವಾ ನಿಂಗೆ?"

"ಆಗ್ತದೆ ಕಣಮ್ಮ," ಎಂದು ಅಕ್ಕಯಮ್ಮ ಬೆವೆತ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಬಿಸಿಲಿಗೆ ಇಳಿದಳು.